ಪಂಪು ಹೊತ್ತವರ ಮೈಗೆ ಹೊಣೆ ಯಾರು?

ಬಿತ್ತನೆ ಮುಗಿದು ಬೆಳೆ ಮೊಣಕಾಲೆತ್ತರಕ್ಕೆ ಬರುವ ಹೊತ್ತಿಗೆ ಈ ಅಂಕಣಕ್ಕೆ ಒಂದು ಪ್ರಶ್ನೆ ತಪ್ಪದೆ ಬರುತ್ತದೆ. ಹತ್ತಿಯವರು ಕೇಳುತ್ತಾರೆ, ಮೆಣಸಿನಕಾಯಿಯವರು ಕೇಳುತ್ತಾರೆ, ದ್ರಾಕ್ಷಿ ತೋಟದವರೂ ಕೇಳುತ್ತಾರೆ: ‘ಔಷಧಿ ಹೊಡೆಯಲು ಬರುವ ಆಳುಗಳಿಗೆ ಯಾವ ಮಾಸ್ಕ್ ತಂದುಕೊಟ್ಟರೆ ಒಳ್ಳೆಯದು?’ ಕೇಳುವವರಿಗೆ ಕಾಳಜಿಯಿದೆ, ಅದಕ್ಕೆ ನಾನು ಕೃತಜ್ಞ. ಆದರೆ ಮಾಸ್ಕಿನಿಂದ ಶುರು ಮಾಡಿದರೆ ಮಾತು ಅರ್ಧ ದಾರಿಯಲ್ಲೇ ನಿಂತುಬಿಡುತ್ತದೆ. ಹೊಲದಲ್ಲಿ ಔಷಧಿ ಹೊಡೆಯುವವರ ದೇಹಕ್ಕೆ ವಿಷ ಹೆಚ್ಚಾಗಿ ಇಳಿಯುವುದು ಮೂಗಿನಿಂದಲ್ಲ, ಚರ್ಮದಿಂದ.

ಚರ್ಮವೂ ಮೈತುಂಬ ಒಂದೇ ಥರ ಇರುವುದಿಲ್ಲ. ಪ್ಯಾರಾಥಿಯಾನ್ ಎಂಬ ಹಳೆಯ ಕೀಟನಾಶಕವನ್ನು ದೇಹದ ಯಾವ ಭಾಗ ಎಷ್ಟು ಹೀರುತ್ತದೆ ಎಂದು ಅಮೆರಿಕದಲ್ಲಿ ಅಳೆದು ನೋಡಿದ್ದರು. 1971ರಲ್ಲಿ ಅದು ಪ್ರಕಟವಾಯಿತು. ಮೊಣಕೈಯಿಂದ ಮಣಿಕಟ್ಟಿನವರೆಗಿನ ಚರ್ಮ ಹೀರುವುದನ್ನು ಒಂದು ಎಂದು ಇಟ್ಟುಕೊಂಡರೆ, ಹೊಟ್ಟೆಯ ಚರ್ಮ ಅದರ ಎರಡು ಪಟ್ಟು, ಹಣೆ ನಾಲ್ಕು ಪಟ್ಟು, ಕಂಕುಳು ಏಳು ಪಟ್ಟು, ಜನನಾಂಗದ ಭಾಗ ಹನ್ನೊಂದು ಪಟ್ಟಿಗೂ ಹೆಚ್ಚು ಹೀರುತ್ತದೆ. ಈಗ ನಮ್ಮ ಹೊಲದ ಕಡೆ ನೋಡಿ. ಹದಿನಾರು ಲೀಟರಿನ ಪಂಪು ಬೆನ್ನ ಮೇಲಿದೆ. ಅದರ ಮುಚ್ಚಳದ ವಾಷರು ಸವೆದಿದೆ. ಹೆಜ್ಜೆ ಹಾಕಿದಾಗಲೆಲ್ಲ ಒಳಗಿನ ನೀರು ತುಳುಕಿ ಬೆನ್ನಿನ ಗುಂಟ ಸೊಂಟಕ್ಕೆ, ಸೊಂಟದಿಂದ ಚಡ್ಡಿಗೆ ಇಳಿಯುತ್ತದೆ. ಈಗಷ್ಟೇ ಹೊಡೆದ ಗಿಡಗಳನ್ನು ಸವರಿಕೊಂಡು ನಡೆಯುವುದರಿಂದ ತೊಡೆಯೂ ಒದ್ದೆ. ವಿಷ ಅತಿ ಬೇಗ ಒಳಗಿಳಿಯುವ ಜಾಗವನ್ನೇ ಹುಡುಕಿಕೊಂಡು ಹೋದಂತೆ ಎಲ್ಲವೂ ಅಲ್ಲಿಗೇ ಹೋಗಿ ಸೇರುತ್ತದೆ. ಆ ಬಟ್ಟೆಯಲ್ಲೇ ಮಧ್ಯಾಹ್ನದ ಊಟ, ಆ ಬಟ್ಟೆಯಲ್ಲೇ ಸಂಜೆ ಊರಿಗೆ ಬೈಕು. ಮುಖಕ್ಕೆ ಸುತ್ತಿದ ಟವೆಲ್ ಕೂಡ ಇದೇ ಕೆಲಸ ಮಾಡುತ್ತದೆ. ಹನಿಗಳನ್ನು ಹೀರಿಟ್ಟುಕೊಂಡು ತುಟಿಗೂ ಮೂಗಿಗೂ ಅಂಟಿಕೊಂಡೇ ಇರುತ್ತದೆ. ಕೊರೋನಾ ಕಾಲದಲ್ಲಿ ಉಳಿದ ತೆಳು ಮಾಸ್ಕು ಔಷಧಿಯ ಆವಿಯನ್ನು ತಡೆಯಲಾರದು.

ಹಾಗಾಗಿ ಯಾರಾದರೂ ಒಂದೇ ಒಂದು ವಸ್ತು ಕೊಡಿಸಬಹುದು ಅಂದರೆ ನಾನು ರಬ್ಬರಿನ ಒಳ್ಳೆಯ ಗ್ಲೌಸ್ ಕೊಡಿಸಿ ಅನ್ನುತ್ತೇನೆ. ಇಡೀ ಕೆಲಸದಲ್ಲಿ ಅತಿ ಅಪಾಯದ ಗಳಿಗೆ ಸಿಂಪಡಿಸುವುದಲ್ಲ, ಡಬ್ಬದ ಬಿರಡೆ ತೆಗೆದು ಅಳೆದು ಸುರಿಯುವುದು. ನೀರು ಬೆರೆಸದ ಔಷಧಿ ಅಲ್ಲಿರುವುದು. ಅದನ್ನು ಬರಿಗೈಯಲ್ಲಿ ಮುಚ್ಚಳಕ್ಕೆ ಸುರಿದು, ಬಕೆಟ್ಟಿಗೆ ಹಾಕಿ, ಕೈಯಲ್ಲೇ ಕಲಸುವುದನ್ನು ನಾನು ಸಿಂಧನೂರು ಕಡೆಯ ಭತ್ತದ ಗದ್ದೆಗಳಲ್ಲೂ ನೋಡಿದ್ದೇನೆ, ಕೋಲಾರದ ಟೊಮೆಟೊ ತೋಟಗಳಲ್ಲೂ ನೋಡಿದ್ದೇನೆ. ನಾಜಲ್ ಕಟ್ಟಿಕೊಂಡರೆ ಬಾಯಿಟ್ಟು ಊದುವವರು ಈಗಲೂ ಇದ್ದಾರೆ. ಒಂದು ಹಳೆಯ ಹಲ್ಲುಜ್ಜುವ ಬ್ರಷ್ಷು ಪಂಪಿನ ಜೊತೆ ಕಟ್ಟಿಟ್ಟರೆ ಅದು ತಪ್ಪುತ್ತದೆ.

ಇಷ್ಟು ಹೇಳಿ ಮುಗಿಸಬಹುದಿತ್ತು. ಆದರೆ ಈ ಪ್ರಶ್ನೆಯೊಳಗೆ ಇನ್ನೊಂದು ಮಾತಿದೆ, ನನಗೆ ಅದೇ ಮುಖ್ಯ. ಔಷಧಿ ಕೊಳ್ಳುವವರು ಬೇರೆ, ಹೊಡೆಯುವವರು ಬೇರೆ. ಅಂಗಡಿಯವರು ಹೇಳುವ ನಾಲ್ಕು ಎಚ್ಚರಿಕೆ ಮಾತು ಕೇಳಿಸಿಕೊಳ್ಳುವವರು ಹೊಲದ ಯಜಮಾನರು. ಡಬ್ಬದ ಜೊತೆ ಬರುವ ಮಡಿಸಿದ ಕಾಗದ ಅವರ ಜೇಬಿನಲ್ಲೋ ಅಂಗಡಿಯ ಕಟ್ಟೆಯ ಮೇಲೋ ಉಳಿಯುತ್ತದೆ. ಹೊಲಕ್ಕೆ ಬಂದ ಆಳಿಗೆ ಸಿಗುವುದು ಡಬ್ಬ, ಮತ್ತೆ ‘ಪಂಪಿಗೆ ಇಷ್ಟು ಮುಚ್ಚಳ’ ಎಂಬ ಲೆಕ್ಕ.

ಸಿಂಧನೂರಿನ ಹತ್ತಿರ ಒಬ್ಬರ ಜೊತೆ ಮಾತಾಡುತ್ತಿದ್ದೆ. ಸ್ವಂತ ಭೂಮಿಯಿಲ್ಲ, ಬ್ಯಾಟರಿ ಪಂಪು ಮಾತ್ರ ಸ್ವಂತದ್ದು. ಊರೂರಿಂದ ಫೋನು ಬಂದಲ್ಲಿಗೆ ಹೋಗುತ್ತಾರೆ. ಬೂಟು ಯಾಕೆ ಹಾಕುವುದಿಲ್ಲ ಎಂದು ಕೇಳಿದೆ. ‘ಗದ್ದ್ಯಾಗ ಬೂಟ ಹಾಕ್ಕೊಂಡ್ರ ಕೆಸರಾಗಿಂದ ಕಾಲ ಕೀಳಾಕ ಬರೂದಿಲ್ರಿ,’ ಅಂದರು. ನಡುವೆ ಕೈಕಾಲು ತೊಳೆದು ಒಂದಿಷ್ಟು ಕೂತು ಸುಧಾರಿಸಿಕೊಳ್ಳಬಾರದೇ ಅಂದರೆ, ‘ಪಂಪಿಗಿಷ್ಟು ಅಂತ ಲೆಕ್ಕ ಐತ್ರಿ. ನಡುವ ಕುಂತ್ರ ಯಾರು ಕೊಡ್ತಾರ?’ ಅಂದರು. ಆ ಮಾತಿಗೆ ಏನು ಉತ್ತರ ಕೊಡಲಿ? ಕೂಲಿಯ ಲೆಕ್ಕವೇ ಅವಸರಪಡಿಸುವಂತಿದೆ. ಮುಂಜಾನೆಯ ತಂಪು ಕಳೆದು ಬಿಸಿಲು ನೆತ್ತಿಗೇರಿದರೂ, ಗಾಳಿ ಎದುರಿನಿಂದ ಬೀಸಿದರೂ, ಇನ್ನೆರಡು ಪಂಪು ಮುಗಿಸಿಯೇ ಬಿಡೋಣ ಅನ್ನಿಸುತ್ತದೆ.

ಸ್ವಂತ ಹೊಲಕ್ಕೆ ಔಷಧಿ ಹೊಡೆಯುವ ರೈತರಿಗೂ ಇವರಿಗೂ ಇನ್ನೊಂದು ದೊಡ್ಡ ಅಂತರವಿದೆ. ರೈತರು ಒಂದು ದಿನ ಹೊಡೆದು, ಮತ್ತೆ ಹದಿನೈದು ದಿನ ಬಿಟ್ಟು ಹೊಡೆಯುತ್ತಾರೆ. ಇವರು ಹಂಗಾಮು ಮುಗಿಯುವವರೆಗೆ ದಿನವೂ ಹೊಡೆಯುತ್ತಾರೆ. ಮೊನೊಕ್ರೊಟೊಫಾಸ್, ಪ್ರೊಫೆನೊಫಾಸ್, ಕ್ಲೋರ್‌ಪೈರಿಫಾಸ್‌ನಂಥ ರಂಜಕದ ಗುಂಪಿನ ಔಷಧಿಗಳು ಹುಳುವನ್ನು ಕೊಲ್ಲುವ ರೀತಿಯಲ್ಲೇ ಮನುಷ್ಯರ ನರಗಳ ಮೇಲೂ ಕೆಲಸ ಮಾಡುತ್ತವೆ. ನರದಿಂದ ಸ್ನಾಯುವಿಗೆ ಸುದ್ದಿ ಒಯ್ಯುವ ರಾಸಾಯನಿಕವೊಂದಿದೆ. ಸುದ್ದಿ ಮುಟ್ಟಿದ ಮೇಲೆ ಅದನ್ನು ಅಳಿಸಿಹಾಕಲು ಕೋಲಿನೆಸ್ಟರೇಸ್ ಎಂಬ ಕಿಣ್ವವಿದೆ. ಔಷಧಿ ಆ ಕಿಣ್ವವನ್ನೇ ಕಟ್ಟಿಹಾಕುತ್ತದೆ. ಕಳೆದುಹೋದ ಕಿಣ್ವ ಮತ್ತೆ ತುಂಬಿಕೊಳ್ಳಲು ವಾರಗಟ್ಟಲೆ ಬೇಕು. ಒರತೆ ಕಡಿಮೆಯಿರುವ ಬಾವಿಯಿಂದ ದಿನವೂ ನೀರು ಸೇದಿದಂತೆ, ತಳ ಕಾಣುವವರೆಗೂ ಹೊರಗಿನವರಿಗೆ ಏನೂ ಗೊತ್ತಾಗುವುದಿಲ್ಲ. ‘ನಿನ್ನೆ ಮೊನ್ನೆ ಹೊಡೆದೆ, ಏನೂ ಆಗಲಿಲ್ಲ’ ಅನ್ನುವವರು ಸುಳ್ಳು ಹೇಳುತ್ತಿಲ್ಲ. ಆದರೆ ನಿನ್ನೆ ತಡೆದುಕೊಂಡ ದೇಹ ಇವತ್ತು ಅಷ್ಟನ್ನೇ ತಡೆದುಕೊಳ್ಳುತ್ತದೆ ಎಂದು ನಂಬುವಂತಿಲ್ಲ.

2017ರ ಮಳೆಗಾಲದಲ್ಲಿ ಮಹಾರಾಷ್ಟ್ರದ ಯವತ್ಮಾಳ ಜಿಲ್ಲೆಯಲ್ಲಿ ಇದು ಹೊರಬಿತ್ತು. ಆ ವರ್ಷ ಹತ್ತಿ ಗಿಡ ಆಳೆತ್ತರ ಮೀರಿ ಬೆಳೆದಿತ್ತು. ಹೊಡೆಯುವವರು ನಾಜಲನ್ನು ಮುಖದ ಮಟ್ಟಕ್ಕೆ, ಅದಕ್ಕೂ ಮೇಲಕ್ಕೆ ಎತ್ತಬೇಕಾಯಿತು. ಸೆಕೆ ವಿಪರೀತವಿತ್ತು, ಔಷಧಿಗಳನ್ನು ಒಂದರೊಳಗೊಂದು ಬೆರೆಸಿ ಹೊಡೆಯುತ್ತಿದ್ದರು, ಹೊಸ ಬ್ಯಾಟರಿ ಪಂಪುಗಳು ಮಂಜಿನಂಥ ಸಣ್ಣ ಹನಿ ಎಬ್ಬಿಸುತ್ತಿದ್ದವು. ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು, ನೂರಾರು ಮಂದಿ ಆಸ್ಪತ್ರೆ ಸೇರಿದರು, ಹಲವರಿಗೆ ಕಣ್ಣು ಮಂಜಾಯಿತು. ಸತ್ತವರಲ್ಲಿ ಹೊಲದೊಡೆಯರೂ ಇದ್ದರು, ಕೂಲಿಯವರೂ ಇದ್ದರು. ರಕ್ತದ ಕೋಲಿನೆಸ್ಟರೇಸ್ ಅಳೆಯುವ ವ್ಯವಸ್ಥೆಯೂ ಅಲ್ಲಿ ಇರಲಿಲ್ಲ ಎಂಬುದು ಆಮೇಲೆ ಗೊತ್ತಾಯಿತು. ಅಷ್ಟೆಲ್ಲ ಆದರೂ ಮೊದಲು ಕೇಳಿಬಂದ ಮಾತು, ‘ಅವರು ಗ್ಲೌಸ್, ಮಾಸ್ಕ್ ಹಾಕಿರಲಿಲ್ಲ’ ಎಂಬುದು. ರಾಯಚೂರು, ಯಾದಗಿರಿಯ ಹತ್ತಿ ಹೊಲಗಳಲ್ಲೂ ಇಂಥದೇ ಪಂಪು, ಇಂಥದೇ ಬೆರಕೆ, ಇಂಥದೇ ಕೂಲಿ ಇವೆ. ಯವತ್ಮಾಳದ್ದು ಪರರಾಜ್ಯದ ಸುದ್ದಿ ಎಂದು ನಾವು ಓದಿ ಮಗ್ಗುಲು ತಿರುಗಿಸುವಂತಿಲ್ಲ.

ಕಾನೂನು ಏನು ಹೇಳುತ್ತದೆ ಎಂದು ಕೇಳುವವರಿದ್ದಾರೆ. 1958ರಲ್ಲಿ ಕೇರಳದಲ್ಲಿ ಪ್ಯಾರಾಥಿಯಾನ್ ಸೋಕಿದ ಗೋಧಿ ಹಿಟ್ಟು ತಿಂದು ನೂರಕ್ಕೂ ಹೆಚ್ಚು ಜನ ಸತ್ತರು. ಆ ದುರಂತದ ನಂತರದ ವಿಚಾರಣೆ, ವರದಿಗಳ ಫಲವಾಗಿ 1968ರ ಕೀಟನಾಶಕ ಕಾಯ್ದೆ, 1971ರ ನಿಯಮಗಳು ಬಂದವು. ನಿಯಮಗಳನ್ನು ಓದಿದರೆ ಚೆನ್ನಾಗಿವೆ. ಕೀಟನಾಶಕ ಮುಟ್ಟುವವರಿಗೆ ರಕ್ಷಣಾ ಉಡುಪು ಇರಬೇಕು, ಕೆಲಸಕ್ಕೆ ಸೇರುವ ಮುನ್ನ ವೈದ್ಯಕೀಯ ತಪಾಸಣೆ ಆಗಬೇಕು, ರಂಜಕ ಗುಂಪಿನ ಔಷಧಿಯ ಜೊತೆ ಕೆಲಸ ಮಾಡುವವರ ಕೋಲಿನೆಸ್ಟರೇಸ್ ಮಟ್ಟವನ್ನು ತಿಂಗಳಿಗೊಮ್ಮೆ ಅಳೆಯಬೇಕು, ತರಬೇತಿ ಕೊಡಬೇಕು. ಆದರೆ ಕಾಯ್ದೆಯ 38ನೇ ಕಲಮು ತೆಗೆದು ನೋಡಿ. ತನ್ನ ಸಾಗುವಳಿಯಲ್ಲಿರುವ ಭೂಮಿಗೆ ಯಾರಾದರೂ ಕೀಟನಾಶಕ ಬಳಸಿದರೆ ಈ ಕಾಯ್ದೆಯ ಯಾವುದೂ ಅನ್ವಯಿಸುವುದಿಲ್ಲ ಎಂದು ಅದು ಹೇಳುತ್ತದೆ.

ಸಣ್ಣ ರೈತರನ್ನು ಇನ್‌ಸ್ಪೆಕ್ಟರುಗಳ ಕಾಟದಿಂದ ಉಳಿಸಲು ಇಂಥ ವಿನಾಯಿತಿ ಬೇಕಿದ್ದಿರಬಹುದು. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಬೇರೆಯವರ ಹೊಲಕ್ಕೆ ಕೂಲಿಗಾಗಿ ಔಷಧಿ ಹೊಡೆಯುವವರೂ ಅದೇ ವಿನಾಯಿತಿಯೊಳಗೆ ಕೊಚ್ಚಿಹೋದರು. ಕೀಟನಾಶಕ ತಯಾರಿಸುವ ಕಾರ್ಖಾನೆಯ ಕಾರ್ಮಿಕರ ರಕ್ತಪರೀಕ್ಷೆಗೆ ಕೇಳುವವರಿದ್ದಾರೆ. ಅದೇ ಡಬ್ಬವನ್ನು ಹೊಲದಲ್ಲಿ ಬಿಚ್ಚುವವರ ಪಾಲಿಗೆ ಕೇಳುವ ಕಚೇರಿಯೇ ಇಲ್ಲ. ಅಮೆರಿಕದಲ್ಲಿ ಕೃಷಿ ಕಾರ್ಮಿಕರ ರಕ್ಷಣೆಗೆಂದೇ ಪ್ರತ್ಯೇಕ ನಿಯಮವಿದೆ. ಗ್ಲೌಸ್, ಉಡುಪು, ತೊಳೆಯಲು ನೀರು, ಸೋಪು ಇವೆಲ್ಲವನ್ನು ಕೆಲಸ ಕೊಟ್ಟವರೇ ಒದಗಿಸಬೇಕು. ಹೊಡೆಯುವವರಿಗೆ 18 ವರ್ಷ ತುಂಬಿರಬೇಕು ಎಂದು 2015ರ ತಿದ್ದುಪಡಿ ಹೇಳಿತು. ಅಲ್ಲೂ ಎಲ್ಲ ಸರಿಯಿದೆ ಅನ್ನುವುದಿಲ್ಲ, ಆದರೆ ಹೊಣೆ ಯಾರದು ಎಂಬುದು ಬರಹದಲ್ಲಿದೆ. ನಮ್ಮಲ್ಲಿ 2008ರಲ್ಲೊಮ್ಮೆ, 2020ರಲ್ಲೊಮ್ಮೆ ಹೊಸ ಕೀಟನಾಶಕ ಮಸೂದೆ ರಾಜ್ಯಸಭೆಗೆ ಬಂದಿತ್ತು. ಮುಂದೆ ಯಾವ ಕಾಯ್ದೆ ಬಂದರೂ ಅದರಲ್ಲಿ ಕೂಲಿಗೆ ಔಷಧಿ ಹೊಡೆಯುವವರಿಗೆಂದು ಒಂದು ಕಲಮು ಇರಲೇಬೇಕು. ರೈತ ಸಂಘಟನೆಗಳೂ ಕೂಲಿಕಾರರ ಸಂಘಟನೆಗಳೂ ಒಟ್ಟಾಗಿ ಕೇಳಬೇಕಾದ ಬೇಡಿಕೆ ಇದು.

ಮೈಗೆ ಕವಚ ತೊಡಿಸುವ ಮೊದಲು ಅತಿ ಕ್ರೂರ ವಿಷಗಳನ್ನೇ ಅಂಗಡಿಯಿಂದ ತೆಗೆಯುವುದು ಎಲ್ಲಕ್ಕಿಂತ ಒಳ್ಳೆಯ ರಕ್ಷಣೆ. ಮೊನೊಕ್ರೊಟೊಫಾಸ್ ಅನ್ನು ಶ್ರೀಲಂಕಾ 1995ರಲ್ಲೇ ನಿಷೇಧಿಸಿತು. 2018ರ ಡಿಸೆಂಬರಿನಲ್ಲಿ ಚಾಮರಾಜನಗರ ಜಿಲ್ಲೆಯ ಸುಳ್ವಾಡಿಯ ಮಾರಮ್ಮನ ಗುಡಿಯ ಪ್ರಸಾದದಲ್ಲಿ ಬೆರೆಸಿದ್ದು ಅದೇ ವಿಷ. ಹದಿನೈದಕ್ಕೂ ಹೆಚ್ಚು ಜೀವ ಹೋಯಿತು. ಅದರ ಸಾಮಾನ್ಯ ರೂಪವನ್ನು ಹಂತಹಂತವಾಗಿ ನಿಲ್ಲಿಸುವ ಕೇಂದ್ರ ಸರ್ಕಾರದ ಆದೇಶ ಬಂದದ್ದು 2023ರಲ್ಲಿ. ಈ ಇಪ್ಪತ್ತೆಂಟು ವರ್ಷ ಅದನ್ನು ಬೆನ್ನ ಮೇಲೆ ಹೊತ್ತವರು ಯಾರು ಎಂದು ಲೆಕ್ಕ ಇಟ್ಟವರಿಲ್ಲ. ಹೊಲದ ಯಜಮಾನರು ಈ ಕೆಲಸವನ್ನು ಅಂಗಡಿಯಲ್ಲೇ ಶುರು ಮಾಡಬಹುದು. ಡಬ್ಬದ ಮೇಲಿನ ಚೌಕದ ಕೆಳಭಾಗದಲ್ಲಿ ಬಣ್ಣವಿರುತ್ತದೆ: ಕೆಂಪು ಅಂದರೆ ಅತಿ ವಿಷ, ಹಳದಿ ಅದಕ್ಕಿಂತ ಕಡಿಮೆ, ನೀಲಿ ಇನ್ನೂ ಕಡಿಮೆ, ಹಸಿರು ಎಲ್ಲಕ್ಕಿಂತ ಕಡಿಮೆ. ಅದೇ ಹುಳಕ್ಕೆ ನೀಲಿಯದೋ ಹಸಿರಿನದೋ ಇದೆಯೇ ಎಂದು ಕೇಳಿ ತರುವುದಕ್ಕೆ ಯಾವ ಕಾಯ್ದೆಯೂ ಬೇಕಿಲ್ಲ. ಹಸಿರು ಬಣ್ಣವಿದ್ದರೆ ಮೈಗೆ ಬಿದ್ದರೂ ಪರವಾಗಿಲ್ಲ ಎಂದು ಮಾತ್ರ ತಿಳಿಯಬೇಡಿ.

ಹೆಂಗಸರ ವಿಷಯ ಯಾವ ಕಾಗದದಲ್ಲೂ ಬರುವುದಿಲ್ಲ, ಅದಕ್ಕೇ ನಾನೇ ಎತ್ತುತ್ತೇನೆ. ಪಂಪು ಹೊರುವುದು ಗಂಡಸರಾದ್ದರಿಂದ ಅಪಾಯವೂ ಗಂಡಸರಿಗೇ ಎಂದು ನಾವು ತಿಳಿದಿದ್ದೇವೆ. ಡ್ರಮ್ಮಿನಿಂದ ನೀರು ಹೊತ್ತು ತಂದು ಪಂಪಿಗೆ ತುಂಬುವವರು, ನಿನ್ನೆ ಔಷಧಿ ಬಿದ್ದ ಹೊಲದಲ್ಲಿ ಇವತ್ತು ಕಳೆ ಕೀಳುವವರು, ಮೆಣಸಿನಕಾಯಿ ಬಿಡಿಸುವವರು, ಸಂಜೆ ಆ ಒದ್ದೆ ಬಟ್ಟೆಯನ್ನು ಮನೆಯ ಬಟ್ಟೆಗಳ ಜೊತೆಗೇ ಒಗೆಯುವವರು ಹೆಂಗಸರು. ಅವರಿಗೆ ಗ್ಲೌಸೂ ಇಲ್ಲ, ‘ಈ ಹೊಲಕ್ಕೆ ಔಷಧಿ ಹೊಡೆದಿದೆ, ಇಂಥ ದಿನದವರೆಗೆ ಇಳಿಯಬೇಡಿ’ ಎಂಬ ಮಾತೂ ಇಲ್ಲ. ಹೊಡೆದ ಹೊಲಕ್ಕೆ ಎಷ್ಟು ಹೊತ್ತು ಇಳಿಯಬಾರದು ಎಂಬುದು ಔಷಧಿಯಿಂದ ಔಷಧಿಗೆ ಬೇರೆ. ಚೀಟಿಯಲ್ಲಿ ಬರೆದಿದ್ದರೆ ಅದನ್ನು ಪಾಲಿಸಬೇಕು, ಬರೆದಿಲ್ಲದಿದ್ದರೆ ಕನಿಷ್ಠ ಒಂದು ಹಗಲು ಒಂದು ರಾತ್ರಿ ಬಿಡಬೇಕು. ಬದುವಿನ ಮೇಲೆ ಒಂದು ಕೋಲು ನೆಟ್ಟು ಕೆಂಪು ಬಟ್ಟೆ ಕಟ್ಟಿದರೂ ಸಾಕು, ಅಕ್ಷರ ಬಾರದವರಿಗೂ ಗೊತ್ತಾಗುತ್ತದೆ. ಬಸುರಿಯರನ್ನೂ ಮಕ್ಕಳನ್ನೂ ಆ ಹೊಲದ ಹತ್ತಿರಕ್ಕೆ ಬಿಡಲೇಬಾರದು.

ಹೊಸ ಉಪಕರಣಗಳ ಬಗ್ಗೆ ಆಸೆಯಿಂದ ಬರೆಯುವವರಿದ್ದಾರೆ. ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಯಲ್ಲಿ ಪ್ರವೀಣ್ ಕುಮಾರ್ ವೇಮುಲ ಅವರ ತಂಡ ‘ಕಿಸಾನ್ ಕವಚ’ ಎಂಬ ಉಡುಪು ರೂಪಿಸಿದೆ; 2024ರ ಡಿಸೆಂಬರಿನಲ್ಲಿ ಅದು ಬಿಡುಗಡೆಯಾಯಿತು. ಅದರ ಬಟ್ಟೆ ಔಷಧಿಯನ್ನು ಬರೀ ತಡೆಯುವುದಿಲ್ಲ, ರಂಜಕ ಗುಂಪಿನ ಕೀಟನಾಶಕ ತಾಗಿದೊಡನೆ ಅದನ್ನು ಒಡೆದು ನಿಷ್ಕ್ರಿಯ ಮಾಡುತ್ತದೆ. ಒಗೆದು ಸುಮಾರು ಒಂದು ವರ್ಷ ಬಳಸಬಹುದು. ಬೆವರಿನಲ್ಲಿ ಬೇಯಿಸುವ ಪ್ಲಾಸ್ಟಿಕ್ ಕೋಟಿಗಿಂತ ಇದು ನಮ್ಮ ಬಿಸಿಲಿಗೆ ಹೊಂದುವ ದಾರಿ, ನನಗೆ ನಿಜವಾಗಿ ಹೆಮ್ಮೆಯಾಗುವ ಕೆಲಸ. ಬಿಡುಗಡೆಯಾದಾಗ ಬೆಲೆ 4,000 ರೂಪಾಯಿ ಇತ್ತು. ದಿನಗೂಲಿಯವರು ಅದನ್ನು ಕೊಳ್ಳಲಾರರು. ಪಂಪಿಗೆ ಸಹಾಯಧನ ಕೊಡುವ ಸರ್ಕಾರ ಪಂಪಿನ ಜೊತೆಗೇ ಈ ಉಡುಪನ್ನೂ ಕೊಡಬಹುದಲ್ಲ? ಡ್ರೋನು ಬಂದಿದೆ, ಬೆನ್ನಿನ ಭಾರ ಇಳಿಸಿದೆ, ಸರಿ. ಆದರೆ ಎಕರೆಗೆ ಸುಮಾರು 10 ಲೀಟರು ನೀರಿನಲ್ಲೇ ಮುಗಿಸುವುದರಿಂದ ಅದರ ಟ್ಯಾಂಕಿನ ಮಿಶ್ರಣ ಬಲು ಗಟ್ಟಿ. ಅದನ್ನು ಕಲಸಿ ತುಂಬುವ ಕೈ ಇನ್ನೂ ಮನುಷ್ಯರದ್ದೇ.

ಯಾರಿಗಾದರೂ ಹೊಲದಲ್ಲೇ ತೊಂದರೆಯಾದರೆ ಏನು ಮಾಡಬೇಕು ಎಂಬುದನ್ನು ಈ ಭಾಗ ಕತ್ತರಿಸಿಟ್ಟುಕೊಳ್ಳುವವರಿಗಾಗಿ ಬಿಡಿಸಿ ಹೇಳುತ್ತೇನೆ. ತಲೆಸುತ್ತು, ವಾಕರಿಕೆ, ವಿಪರೀತ ಬೆವರು ಇವು ಬಿಸಿಲಿನಿಂದಲೂ ಬರುತ್ತವೆ. ಜೊಲ್ಲು ಸುರಿಯುವುದು, ಕಣ್ಣಲ್ಲಿ ನೀರು, ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಕುಗ್ಗುವುದು, ಮಾಂಸಖಂಡ ಅದುರುವುದು, ಉಸಿರಿಗೆ ಒದ್ದಾಡುವುದು ಕಂಡರೆ ಅದು ವಿಷವೇ ಎಂದು ತಿಳಿಯಿರಿ. ಮೊದಲು ಹೊಲದಿಂದ ಆಚೆ ತನ್ನಿ. ಬಟ್ಟೆ ಪೂರ್ತಿ ತೆಗೆದು, ಸೋಪು ಹಚ್ಚಿ ತಲೆಯಿಂದ ಕಾಲಿನವರೆಗೆ ಧಾರಾಳ ನೀರಿನಲ್ಲಿ ತೊಳೆಯಿರಿ. ತೊಳೆಯುವವರೂ ಗ್ಲೌಸ್ ಹಾಕಿಕೊಳ್ಳಿ. ಕಣ್ಣಿಗೆ ಬಿದ್ದಿದ್ದರೆ ಕಾಲು ಗಂಟೆ ಬರೀ ನೀರು ಹಾಕುತ್ತಿರಿ. ಮಜ್ಜಿಗೆ, ಹುಣಸೆಹುಳಿ ನೀರು, ನಿಂಬೆರಸ ಕುಡಿಸುತ್ತಾ ಹೊತ್ತು ಕಳೆಯಬೇಡಿ, ಬಲವಂತದಿಂದ ವಾಂತಿ ಮಾಡಿಸಬೇಡಿ. 108ಕ್ಕೆ ಫೋನು ಮಾಡಿ. ಔಷಧಿಯ ಡಬ್ಬವನ್ನೋ ಅದರ ಚೀಟಿಯನ್ನೋ ಆಸ್ಪತ್ರೆಗೆ ಜೊತೆಗೇ ಒಯ್ಯಿರಿ, ಯಾಕೆಂದರೆ ರಂಜಕ ಗುಂಪಿನ ವಿಷಕ್ಕೆ ಅಟ್ರೋಪಿನ್ ಇದೆ, ಪ್ಯಾರಾಕ್ವಾಟ್‌ನಂಥ ಕಳೆನಾಶಕಕ್ಕೆ ಪ್ರತಿವಿಷವೇ ಇಲ್ಲ, ವೈದ್ಯರಿಗೆ ಯಾವುದು ಎಂದು ಗೊತ್ತಾಗಲೇಬೇಕು. ಸಿಂಥೆಟಿಕ್ ಪೈರಿಥ್ರಾಯ್ಡ್ ಹೊಡೆದ ಸಂಜೆ ಮುಖ ಚುರುಚುರು ಅನ್ನುವುದನ್ನು ‘ಅದು ಇದ್ದದ್ದೇ’ ಎಂದು ಬಿಡುವವರು ಬಹಳ ಜನ. ಮುಖಕ್ಕೆ ಔಷಧಿ ತಾಗುತ್ತಿದೆ ಎಂಬುದರ ಸೂಚನೆ ಅದು.

ಬೆಳೆಗೆ ಔಷಧಿ ಎಷ್ಟು ತಂದೆವು ಎಂದು ಬರೆದಿಡುವ ಪುಸ್ತಕದಲ್ಲೇ ಇನ್ನೊಂದು ಸಾಲು ಸೇರಲಿ: ಉದ್ದ ತೋಳಿನ ಅಂಗಿ, ಪ್ಯಾಂಟು, ಎರಡು ಜೊತೆ ಗ್ಲೌಸ್, ಕಣ್ಣಿಗೆ ಕನ್ನಡಕ, ಒಣ ನೆಲಕ್ಕಾದರೆ ಗಂಬೂಟು, ಒಂದು ಸೋಪು, ಎರಡು ಕೊಡ ತಿಳಿನೀರು. ಔಷಧಿಯ ಖರ್ಚಿನ ಮುಂದೆ ಇದು ದೊಡ್ಡದಲ್ಲ. ಔಷಧಿ ಹೊಡೆಯುವ ದಿನದ ಮಟ್ಟಿಗಾದರೂ ಪಂಪಿನ ಲೆಕ್ಕ ಬಿಟ್ಟು ದಿನದ ಲೆಕ್ಕದಲ್ಲಿ ಕೂಲಿ ಕೊಡಿ, ಬೆಳಗಿನ ತಂಪಿನಲ್ಲೇ ಕೆಲಸ ಮುಗಿಸಲು ಹೇಳಿ, ಎಲೆ ಅಡಿಕೆಗೂ ಬೀಡಿಗೂ ಮುನ್ನ ಕೈ ತೊಳೆಯಲು ನೀರು ನೀವೇ ಹಾಕಿ. ಇಷ್ಟು ಸಿದ್ಧವಿಲ್ಲದ ದಿನ ದಯವಿಟ್ಟು ಆಳಿಗೆ ಫೋನು ಮಾಡಬೇಡಿ, ಔಷಧಿ ಹೊಡೆಯುವುದನ್ನು ಮರುದಿನಕ್ಕೆ ಇಟ್ಟುಕೊಳ್ಳಿ.